ಜಿನ್ನಿನ ದಿಡ್ಡಿ ಬಾಗಿಲು

ನಾಚಿಕೆಯ ಮನುಷ್ಯರಿಗೆ ಊರು ಬೇರೆ ಥರ ಕಾಣುತ್ತದೆ. ಧೈರ್ಯವಂತರು ಎದುರಿಗೆ ಬಂದವರ ಮುಖ ನೋಡುತ್ತಾರೆ, ನಮ್ಮಂಥವರು ಚಪ್ಪಲಿ ನೋಡುತ್ತೇವೆ. ಆಳಂದದ ಈ ಓಣಿಯಲ್ಲಿ ನಲವತ್ತು ವರ್ಷ ಕಳೆದರೂ ಯಾರ ಮನೆಯ ಮಾಳಿಗೆ ಎಷ್ಟು ಎತ್ತರ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಯಾರ ಮನೆಯ ಹೊಸ್ತಿಲ ಕಲ್ಲು ಎಲ್ಲಿ ಸವೆದಿದೆ, ಯಾರ ಬಾಗಿಲ ಬುಡಕ್ಕೆ ಒರಲಿ ಹತ್ತಿದೆ ಎಂದು ಕೇಳಿ, ಕಣ್ಣು ಮುಚ್ಚಿ ಹೇಳುತ್ತೇನೆ. ಸೆರಗು ತಲೆಯ ಮೇಲೆ, ತಲೆ ಕೆಳಗೆ, ಕಾಲು ಮಾತ್ರ ಮುಂದೆ. ಹೀಗೆ ನಡೆದ ಬಾಳು ನನ್ನದು.

ಹೋದ ದೀಪಾವಳಿಗೆ ಮೊಮ್ಮಕ್ಕಳು ನೀವಿಬ್ಬರೂ, ಸಂಗು ಮತ್ತು ಅಶ್ವಿನಿ, ನನ್ನ ತಗಡಿನ ಟ್ರಂಕು ತೆಗೆದು ಅದರೊಳಗಿನ ಫೋಟೋಗಳನ್ನು ಇಸ್ಪೀಟಿನ ಎಲೆಗಳ ಹಾಗೆ ನೆಲಕ್ಕೆ ಹರಡಿಕೊಂಡು ಕೂತಿದ್ದಿರಿ. ಸಂಗು ಕೇಳಿದ: "ಆಯಿ, ಇವೆಲ್ಲಾ ಯಾರ ಮನಿ ಬಾಗಲಾ? ಒಂದೂ ಪೂರಾ ಇಲ್ಲಲ್ಲ, ಎಲ್ಲಾ ಅರ್ಧಕ್ಕರ್ಧಾ!" ಅಶ್ವಿನಿ ಅವನಿಗಿಂತ ಚುರುಕು. "ಬಾಗಲಾ ಹದಿನೇಳು ಅವ. ಮುತ್ಯಾಂದು ನೋಡಿದ್ರ ಮನಿತುಂಬಾ ಒಂದಾ ಫೋಟೋ. ಹಂಗ್ಯಾಕ ಆಯಿ?" ಎಂದಳು. ನಾನು "ಒಲಿ ಮ್ಯಾಲ ಹಾಲು ಅದ" ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಒಲೆಯೇ ಹೊತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ನಡುಮನೆಯ ಗೋಡೆಯ ಮೇಲಿನ ಆ ಒಂದು ಫೋಟೋದ ಸಂಗತಿಯನ್ನೂ ಹೇಳಬೇಕು. ಬಾಯಿಯಿಂದ ಹೇಳುವುದು ನನ್ನ ಕೈಲಾಗದ ಕೆಲಸ. ಕಾಗದಕ್ಕೆ ಮುಖವಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ನಾಚಿಕೆ ಸಣ್ಣದಲ್ಲ. ಕಿಣ್ಣಿ ಸುಲ್ತಾನದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದೆ. ಮಾಸ್ತರರು ಮಗ್ಗಿ ಕೇಳಿದರೆ ಗೋಡೆಯ ಕಡೆ ಮುಖ ಮಾಡಿ ಹೇಳುತ್ತಿದ್ದೆ. ತಪ್ಪಿಲ್ಲದೆ ಹೇಳುತ್ತಿದ್ದೆ, ಆದರೆ ಗೋಡೆಗೆ. ಮಾಸ್ತರರು "ಗ್ವಾಡಿಗಿ ಮಗ್ಗಿ ಬಂತು, ಇನ್ನ ನನಗ ಹೇಳವ್ವಾ" ಎನ್ನುತ್ತಿದ್ದರು. ಮದುವೆಯಲ್ಲಿ ನಿಮ್ಮ ಮುತ್ಯಾನ ಮುಖವನ್ನು ನಾನು ನೋಡಲಿಲ್ಲ. ಕಾಲಿನ ಹೆಬ್ಬೆರಳ ಉಗುರು ಒಡೆದದ್ದನ್ನು ನೋಡಿ ನೆನಪಿಟ್ಟುಕೊಂಡೆ. ಮುಂದೆ ಎಷ್ಟೋ ತಿಂಗಳು ಮಂದಿಯ ನಡುವೆ ಅವರನ್ನು ಗುರುತು ಹಿಡಿದದ್ದು ಆ ಉಗುರಿನಿಂದ.

ಅವರು ಊರ ಹೊರಗಿನ ಹತ್ತಿ ಜಿನ್ನಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದರು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ನಮ್ಮ ಕಡೆ ಜಿನ್ನು ಎಂದೇ ಹೆಸರು. ಅದಕ್ಕೊಂದು ದೊಡ್ಡ ಬಾಗಿಲಿತ್ತು, ಹತ್ತಿ ತುಂಬಿದ ಬಂಡಿ ಹಾಗೇ ಒಳಗೆ ಹೋಗುವಂಥದು. ಸಾಗುವಾನಿ ಮರ, ಕಬ್ಬಿಣದ ಪಟ್ಟಿ, ಮುಷ್ಟಿಯಷ್ಟು ದಪ್ಪ ಮೊಳೆಗಳು. ಅದರ ಎಡಗದದೊಳಗೆ ಒಂದು ಸಣ್ಣ ದಿಡ್ಡಿ ಬಾಗಿಲು. ಬಂಡಿ ಬರದ ಹೊತ್ತಿನಲ್ಲಿ ಮನುಷ್ಯರು ಓಡಾಡುವುದು ಆ ದಿಡ್ಡಿಯಿಂದ. ದಿನಾ ಹನ್ನೊಂದು ಗಂಟೆಗೆ ನಾನು ಬುತ್ತಿ ಒಯ್ದು ದಿಡ್ಡಿಯ ಹೊಸ್ತಿಲ ಮೇಲೆ ಇಡುತ್ತಿದ್ದೆ. ತಲೆಗೆ ಟವೆಲ್ಲು ಸುತ್ತಿದ ಅವರು ತಲೆ ಬಗ್ಗಿಸಿ ಹೊರಗೆ ಬಂದು ಬುತ್ತಿ ಎತ್ತಿಕೊಳ್ಳುತ್ತಿದ್ದರು. ಜಗತ್ತಿನಲ್ಲಿ ನನ್ನ ಮುಂದೆ ತಲೆ ಬಗ್ಗಿಸುವ ಗಂಡಸು ಅವರೊಬ್ಬರೇ. ಅವರಿಗೂ ನನ್ನಷ್ಟೇ ನಾಚಿಕೆ ಎಂದು ತಿಳಿದು ನನಗೆ ಒಳಗೊಳಗೇ ಸಮಾಧಾನ. ಒಮ್ಮೆ ಮಾತ್ರ ಹೊಸ ಚಪ್ಪಲಿಯ ಕಾಲು ಕಂಡು, ಇವರು ಹೊಸದು ತಂದರೇನೋ ಎಂದುಕೊಂಡು ಬುತ್ತಿ ಮುಂದೆ ಮಾಡಿದೆ. ಅದು ಫಿಟ್ಟರ್ ಕೆಲಸದವರ ಕಾಲು. ಅವರು ಒಳ್ಳೆಯ ಮನುಷ್ಯರು, ಬುತ್ತಿಯನ್ನು ಸೀದಾ ಇವರಿಗೇ ಮುಟ್ಟಿಸಿದರಂತೆ. ಝುಣಕ ಸ್ವಲ್ಪ ಕಡಿಮೆ ಇತ್ತು, ಅಷ್ಟೇ.

ಮುಂದೆ ಜಿನ್ನು ನಿಂತುಹೋಯಿತು. ಹತ್ತಿ ಬೇರೆ ಕಡೆ ಹೋಗತೊಡಗಿತು, ಆಳುಗಳು ಬಿಟ್ಟರು. ಮ್ಯಾನೇಜರ್ ಸಾಹೇಬರು ಊರು ಬಿಡುವಾಗ "ನೀವೊಬ್ಬರು ಇಂಜಿನ್ ನೋಡ್ಕೋತ ಇರ್ರಿ" ಎಂದು ಹೇಳಿ, ನೆನಪಿಗೆ ಎಂದು ತಮ್ಮ ಹಳೆಯ ಕ್ಯಾಮೆರಾ ಕೊಟ್ಟು ಹೋದರು. ಓಡದ ಇಂಜಿನ್ನಿಗೆ ಇವರು ದಿನಾ ಎಣ್ಣೆ ಹಚ್ಚುತ್ತಿದ್ದರು, ನಾನು ದಿನಾ ಬುತ್ತಿ ಒಯ್ಯುತ್ತಿದ್ದೆ. ಇಬ್ಬರಿಗೂ ಇದು ವಿಚಿತ್ರ ಎನಿಸಲಿಲ್ಲ.

ಆ ಕ್ಯಾಮೆರಾದ ಬಗ್ಗೆ ಹೇಳಬೇಕು. ಈಗಿನ ಹಾಗೆ ಕಣ್ಣಿಗೆ ಹಚ್ಚಿ ನೋಡುವಂಥದಲ್ಲ. ಅಕ್ಕಿ ಅಳೆಯುವ ಮಾಪಿನಂಥ ಕಪ್ಪು ಡಬ್ಬಿ. ಹೊಟ್ಟೆಯ ಹತ್ತಿರ ಹಿಡಿದುಕೊಂಡು, ಮೇಲಿನ ಮುಚ್ಚಳ ತೆಗೆದು, ಬಾವಿಯಲ್ಲಿ ಇಣುಕುವ ಹಾಗೆ ಕೆಳಗೆ ನೋಡಬೇಕು. ಎದುರಿಗಿನ ಜಗತ್ತು ಆ ಗಾಜಿನಲ್ಲಿ ಸಣ್ಣದಾಗಿ ಕಾಣುತ್ತದೆ, ಎಡ ಬಲ ಅದಲು ಬದಲಾಗಿ. ಮೊದಲ ಸಲ ನೋಡಿದಾಗ ನನಗೆ ಅನಿಸಿದ್ದು ಇಷ್ಟೇ: ಇದನ್ನು ಮಾಡಿದವನ ಮನೆಯಲ್ಲೂ ನನ್ನಂಥ ಹೆಂಗಸು ಇದ್ದಿರಬೇಕು. ತಲೆ ಬಗ್ಗಿಸಿಕೊಂಡೇ ಎದುರಿನವರನ್ನು ನೋಡಬಹುದು!

ಇವರು ಓಣಿಯವರದೆಲ್ಲ ಫೋಟೋ ತೆಗೆದರು. ಎತ್ತಿನದು ತೆಗೆದರು, ಇಂಜಿನ್ನಿನದು ತೆಗೆದರು. ತೆಗೆಯುವವರು ಇವರೇ ಆದ್ದರಿಂದ ಇವರದು ಯಾರೂ ತೆಗೆಯಲಿಲ್ಲ. ಒಂದು ದಿನ ಬುತ್ತಿ ತೆಗೆದುಕೊಂಡವರು ಒಳಗೆ ಹೋಗದೆ ದಿಡ್ಡಿಯ ಚೌಕಟ್ಟು ಹಿಡಿದು ನಿಂತು, ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ನಂದೂ ಒಂದು ತಗಿಬೇ" ಎಂದರು. ಎದುರಿನ ಹೋಟೆಲಿನ ಬೆಂಚಿನ ಮೇಲೆ ನಾಲ್ಕು ಮಂದಿ ಚಹಾ ಕುಡಿಯುತ್ತಿದ್ದರು. "ಮಂದಿ ಇದ್ದಾರ್ರಿ. ನಾಳಿಗಿ ತಗದರಾಯ್ತು" ಎಂದೆ. ಅವರು ನಕ್ಕು, "ಆಯ್ತು, ನಾಳಿಗೇ ತಗಿ" ಎಂದು ಒಳಗೆ ಹೋದರು.

ಆ ನಾಳೆ ಬರಲೇ ಇಲ್ಲ ಎಂದು ಬರೆದರೆ ಕಥೆಯ ಹಾಗೆ ಕೇಳುತ್ತದೆ. ನಾಳೆಗಳು ಬಂದವು, ಒಂದು ವರ್ಷದಷ್ಟು ಬಂದವು. ಅವರು ಮತ್ತೆ ಕೇಳಲಿಲ್ಲ, ನಾನು ಮಾತು ಎತ್ತಲಿಲ್ಲ. ಆಮೇಲೆ ಒಂದು ಮುಂಜಾನೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಿಮ್ಮ ಅಪ್ಪ ಆಗ ಯಡ್ರಾಮಿಯಲ್ಲಿ ಸಾಲೆಯ ಗುಮಾಸ್ತ. ಸುದ್ದಿ ಮುಟ್ಟಿ, ಬಸ್ಸು ಸಿಕ್ಕು, ಜೇವರ್ಗಿ ದಾಟಿ, ಗುಲ್ಬರ್ಗ ದಾಟಿ ಬರುವಷ್ಟರಲ್ಲಿ ಹಿರಿಯರು ಮಣ್ಣು ಮಾಡಿ ಬಂದಿದ್ದರು. ಅಪ್ಪನ ಮುಖ ನೋಡಲಿಕ್ಕೆ ಒಂದು ಫೋಟೋ ಆದರೂ ಇದೆಯೇನವ್ವಾ ಎಂದು ಕೇಳಿದ. ಒಂದೂ ಇರಲಿಲ್ಲ. ಅವನು ಅಳಲಿಲ್ಲ. ಗೋಡೆಗೆ ಮುಖ ಮಾಡಿ ಕೂತ. ನನ್ನ ಮಗನೇ ಅಲ್ಲವೇ.

ಅದಾದ ಮೇಲೆ ನನ್ನ ಕಾಲು ನಿಲ್ಲದಂತಾಯಿತು. ಹನ್ನೊಂದು ಗಂಟೆಗೆ ಬಿಸಿಲು ನಮ್ಮ ಹೊಸ್ತಿಲಿಗೆ ಬಂತೆಂದರೆ ಕಾಲಿನಲ್ಲಿ ಇರುವೆ ಹರಿದ ಹಾಗೆ. ಎದ್ದು ಅಂಗಳಕ್ಕೆ ಹೋಗುತ್ತಿದ್ದೆ, ಒಳಗೆ ಬರುತ್ತಿದ್ದೆ. ಕಸ ಹೊಡೆದ ಜಾಗವನ್ನೇ ಮತ್ತೆ ಹೊಡೆಯುತ್ತಿದ್ದೆ. ನನ್ನ ನೆಗೆಣ್ಣಿ ಗುರಬಾಯಿ, ಎಂದರೆ ನಿಮ್ಮ ಸಣ್ಣ ಆಯಿ, ನನ್ನ ಮೈದುನನ ಹೆಂಡತಿ, "ಯಕ್ಕಾ, ಒಂದೀಟು ಕುಂದರು. ನಿನ್ನ ನೋಡಿ ನಮ್ಮ ಕ್ವಾಣಗರೂನೂ ಗಿರಗಿರ ತಿರಗಾಕತ್ತದ" ಎನ್ನುತ್ತಿದ್ದಳು. ನನಗೆ ಎಷ್ಟು ಮಾತು ಕಡಿಮೆಯೋ ಅವಳಿಗೆ ಅಷ್ಟು ಹೆಚ್ಚು. ದೇವರು ಒಂದೇ ಮನೆಗೆ ಕೊಟ್ಟ ಮಾತನ್ನು ಹಂಚುವಾಗ ತಕ್ಕಡಿ ಅವಳ ಕಡೆ ಜಾರಿತು.

ಎಂಬತ್ತಾರೋ ಎಂಬತ್ತೇಳೋ ಇರಬೇಕು, ಗುರಬಾಯಿಯೇ ಸುದ್ದಿ ತಂದಳು. "ಜಿನ್ನು ಕೆಡವತಾರಂತ ಯಕ್ಕಾ. ಯಾರೋ ಸೋಲಾಪುರದವರು ಕಟಗಿ, ಕಬ್ಬಣ ಎಲ್ಲಾ ಒಯ್ತಾರಂತ. ಬಾಗಲಾನೂ." ಆ ರಾತ್ರಿ ಟ್ರಂಕಿನಿಂದ ಕ್ಯಾಮೆರಾ ತೆಗೆದು ಒರೆಸಿಟ್ಟೆ. ಮನುಷ್ಯರದು ಉಳಿಯಲಿಲ್ಲ, ಅವರು ನಿಂತ ಬಾಗಿಲಿನದಾದರೂ ಒಂದು ತೆಗೆದಿಡಬೇಕು ಎನಿಸಿತು. ನಾಳೆ ಎಂದಿದ್ದೆನಲ್ಲ, ಅದಕ್ಕೆ.

ನಮ್ಮ ಮನೆಯಿಂದ ಜಿನ್ನಿಗೆ ಹತ್ತು ನಿಮಿಷದ ದಾರಿ. ಬುದ್ಧಿ ಇದ್ದವರು ಮರುದಿನವೇ ಹೋಗಿ ತೆಗೆದುಕೊಂಡು ಬರುತ್ತಿದ್ದರು. ನಾನು ನಲವತ್ತು ಮೈಲಿ ದೂರದ ಅಫಜಲಪುರಕ್ಕೆ ಹೋದೆ. ಯಾಕೆಂದರೆ ಜಿನ್ನಿನ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂರುವವರೆಲ್ಲ ನನ್ನನ್ನು ಬಲ್ಲವರು. ಗುರುತಿಲ್ಲದ ಊರಿನಲ್ಲಿ ಹಾಳುಬಿದ್ದ ಬೇರೆ ಗಿರಣಿಯ ಬಾಗಿಲು ತೆಗೆದು ಕೈ ಪಳಗಿಸಿಕೊಂಡರೆ ಆಮೇಲೆ ನಮ್ಮ ಬಾಗಿಲಿನದನ್ನು ಒಂದೇ ಏಟಿಗೆ ತೆಗೆದು ಓಡಿ ಬರಬಹುದು ಎಂಬುದು ನನ್ನ ಲೆಕ್ಕ. ಹೊರಡುವ ಮುಂಚೆ ನಮ್ಮೂರ ಸ್ಟುಡಿಯೋದ ಇಮಾಮಸಾಬರು ರೀಲು ತುಂಬಿ ಕೊಟ್ಟರು. "ಹನ್ನೆರಡು ಬರ್ತಾವ್ರಿ ಅಮ್ಮಾರ. ಹುಷಾರ್." ಹನ್ನೊಂದು ಬೇರೆ ಬಾಗಿಲಿಗೆ, ಹನ್ನೆರಡನೆಯದು ನಮ್ಮ ದಿಡ್ಡಿಗೆ ಎಂದು ಮನಸ್ಸಿನಲ್ಲೇ ಮೀಸಲಿಟ್ಟೆ.

ಅಫಜಲಪುರ ಗುರಬಾಯಿಯ ತವರು, ಹಾಗಾಗಿ ಅವಳನ್ನು ಕರೆದುಕೊಂಡು ಹೊರಡಲು ನೆಪಕ್ಕೆ ಕೊರತೆ ಇರಲಿಲ್ಲ. ಅಲ್ಲಿ ಬಸ್ಸಿನ ದಾರಿಯ ಪಕ್ಕ ಒಂದು ಹಳೆಯ ಬೇಳೆ ಗಿರಣಿ. ಚಾವಣಿಯ ತಗಡಿನ ಪತ್ರಾ ಹಾರಿಹೋಗಿ ಗೋಡೆ ಮಾತ್ರ ನಿಂತಿತ್ತು. ಬಾಗಿಲು ಮಾತ್ರ ಬೀಗ ಹಾಕಿಕೊಂಡು ಭದ್ರವಾಗಿತ್ತು. ಒಳಗೆ ಹೋಗಬೇಕಾದವರು ಪಕ್ಕದ ಬಿದ್ದ ಗೋಡೆಯಿಂದ ಹೋಗಬಹುದು, ಆದರೂ ಬೀಗ ತನ್ನ ಕೆಲಸ ಬಿಟ್ಟಿರಲಿಲ್ಲ. ಹೊಸ್ತಿಲಲ್ಲಿ ಒಂದು ಮೊಳ ಧೂಳು. ಕಸ ಇರುವ ಹೊಸ್ತಿಲಿನ ಫೋಟೋ ತೆಗೆಯುವುದು ಹೇಗೆ? ತಲೆ ಬಾಚದ ಕೂಸಿನ ಫೋಟೋ ತೆಗೆದ ಹಾಗೆ. ಎದುರು ಮನೆಯಿಂದ ಗುರಬಾಯಿ ಪೊರಕೆ ತಂದಳು, ನಾನು ಗುಡಿಸಿದೆ. ಆಮೇಲೆ ಕ್ಯಾಮೆರಾ ಹಿಡಿದು ಬಾಗಿಲಿಗೆ ಅಂಟಿಕೊಂಡ ಹಾಗೆ ನಿಂತು ಒಂದಾದ ಮೇಲೊಂದು ಒತ್ತಿದೆ.

ಪೊರಕೆ ಕೊಟ್ಟ ಹೆಂಗಸು ಪೊರಕೆಯ ಹಿಂದೆಯೇ ಬಂದಿದ್ದಳು. "ಗಿರಣಿ ತಗೋತೀರೇನ್ರಿ?"

"ಇಲ್ಲರಿ. ಬಾಗಲಾ..." ಎಂದೆ.

"ಬಾಗಲಾ ತಗೋತೀರಿ?"

"ಅಲ್ಲರಿ, ಬಾಗಲದ ಫೋಟೋ..."

ಅವಳು ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಬಾಗಲಕ್ಕ ಯಾರರೆ ಗಂಡು ನೋಡಾಕತ್ತಾರೇನವ್ವಾ? ನಮ್ಮ ಮನ್ಯಾಗ ಹುಡುಗಿ ಅದಾಳ. ಬೀಗರು ಫೋಟೋ ಕೇಳಿ ಆರ ತಿಂಗಳಾತು. ಅಕಿದು ತಗೀರಿ!" ಎಂದವಳೇ ಮಗಳನ್ನು ಎಳೆದು ತಂದು ಗಿರಣಿಯ ಬಾಗಿಲಿಗೆ ನಿಲ್ಲಿಸಿಬಿಟ್ಟಳು. ಹುಡುಗಿ ನನ್ನ ಹಾಗೆಯೇ ತಲೆ ಬಗ್ಗಿಸಿ ನಿಂತಿತ್ತು. ಇಲ್ಲ ಎನ್ನಲಿಕ್ಕೂ ಬಾಯಿ ಬೇಕಲ್ಲ. ಹನ್ನೆರಡನೆಯದು ಹೋಯಿತು.

ರೀಲು ತೊಳೆದ ದಿನ ಇಮಾಮಸಾಬರು ಫೋಟೋಗಳನ್ನು ಮುಂದಿಟ್ಟುಕೊಂಡು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಅಮ್ಮಾರ, ಬಾಗಲಾ ಎಲ್ಲದ್ರಿ ಇದರಾಗ?" ಎಂದರು. ಹನ್ನೊಂದರಲ್ಲಿಯೂ ಹೊಸ್ತಿಲು, ಕದದ ಬುಡ, ಒಂದರಲ್ಲಿ ಬೀಗದ ಕೆಳಗಿನ ತುದಿ. ಹನ್ನೆರಡನೆಯದರಲ್ಲಿ ಹುಡುಗಿಯ ಪಾದ ಮತ್ತು ಲಂಗದ ಅಂಚು.

ಗುರಬಾಯಿ ನಗುತ್ತ ನೆಲಕ್ಕೆ ಕೂತಳು. ಇಮಾಮಸಾಬರು ನಗಲಿಲ್ಲ, ಅವರು ಉಸ್ತಾದರು. "ಹಿಂದ ಸರೀಬೇಕ್ರಿ ಅಮ್ಮಾರ. ಹತ್ತ ಹೆಜ್ಜಿ ಹಿಂದ ಸರೀರಿ, ಪೂರಾ ಬಾಗಲಾ ಬರ್ತದ. ಬಾಗಲದ ಮೂಗಿಗೆ ಮೂಗು ಹಚ್ಚಿ ನಿಂತ್ರ ಹ್ಯಾಂಗ?" ಹಿಂದೆ ಸರಿಯುವುದು ಎಂದರೆ ಏನೆಂದು ಆ ಪುಣ್ಯಾತ್ಮರಿಗೆ ಗೊತ್ತಿಲ್ಲ. ಬಾಗಿಲಿನ ಅಕ್ಕಪಕ್ಕ ಗೋಡೆ ಇರುತ್ತದೆ, ಬಾಗಿಲಿನ ಮುಂದೆ ರಸ್ತೆ ಇರುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದರೆ ನಡು ರಸ್ತೆ, ಮಂದಿಯ ನಡುವೆ, ಎಲ್ಲರ ಕಣ್ಣೆದುರು. ಅಲ್ಲಿ ನಿಲ್ಲಲಾರದೆ ತಾನೇ ನಾನು ಬಾಗಿಲಿಗೆ ಅಂಟಿಕೊಂಡದ್ದು.

ಆ ಹುಡುಗಿಯ ಪಾದದ ಫೋಟೋವನ್ನು ನಾನು ಬೇಡ ಬೇಡ ಎಂದರೂ ಗುರಬಾಯಿ ಅವರ ಮನೆಗೆ ಕೊಟ್ಟು ಬಂದಳು. ನಮ್ಮ ಕಡೆ ಹುಡುಗಿ ನೋಡಲು ಬಂದವರು ಮುಖಕ್ಕಿಂತ ಮೊದಲು ನಡೆಸಿ ನೋಡುತ್ತಾರೆ, ಪಾದ ನೋಡುತ್ತಾರೆ. ಬೀಗರ ಹಿರಿಯಾಕೆ ಫೋಟೋ ನೋಡಿ, "ಪಾದ ಚಲೋ ಅವ, ಮಾರಿ ಮದಿವ್ಯಾಗ ನೋಡಿದ್ರಾಯ್ತು" ಎಂದು ಒಪ್ಪಿದಳಂತೆ. ನನ್ನಿಂದ ಯಾರಿಗಾದರೂ ಉಪಕಾರವಾದದ್ದಿದ್ದರೆ ಅದು ಹೀಗೆ, ನನಗೇ ತಿಳಿಯದ ಹಾಗೆ ಆಗಿದೆ.

ಎರಡನೆಯ ರೀಲಿಗೆ ಜೇವರ್ಗಿ. ಅಲ್ಲಿ ಒಂದು ಮುಚ್ಚಿದ ಎಣ್ಣೆ ಗಿರಣಿ ಇದೆ ಎಂದು ನಿಮ್ಮ ಅಪ್ಪ ಒಮ್ಮೆ ಹೇಳಿದ್ದ. ಮಗನನ್ನು ನೋಡಿ ಬರುತ್ತೇವೆ ಎಂದು ಹೊರಟು ನಡುವೆ ಇಳಿದೆವು. ಎಣ್ಣೆ ಕುಡಿದ ಬಾಗಿಲು ಅದು, ಇಷ್ಟು ವರ್ಷವಾದರೂ ಕುಸುಬೆಯ ವಾಸನೆ. ಕದದ ಮೇಲೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ಬರೀ ಗುಡಿಸಿದರೆ ಆಗುವಂಥದಲ್ಲ. ನಲ್ಲಿಯಿಂದ ಎರಡು ಕೊಡ ನೀರು ತಂದು ತೊಳೆದೆವು. ತೊಳೆದ ಹೊಸ್ತಿಲನ್ನು ಬರಿದೇ ಬಿಟ್ಟರೆ ನನ್ನ ಕೈಗೆ ಸಮಾಧಾನವಿಲ್ಲ. ಸೆರಗಿನ ಗಂಟಿನಲ್ಲಿ ವಿಭೂತಿ ಇತ್ತು, ಮೂರು ಬೆರಳಿನಿಂದ ಎರಡೂ ಕದಕ್ಕೆ ಎಳೆದೆ. ಗುರಬಾಯಿ ಒಂದು ರಂಗೋಲಿ ಹಾಕಿದಳು. ಇದೆಲ್ಲ ಮನೆಯ ಅಭ್ಯಾಸ, ಮತ್ತೇನೂ ಅಲ್ಲ. ದಾರಿಯಲ್ಲಿ ಹೋಗುವವರು ನಿಂತು ಏನೇನೋ ಕೇಳಿದರು. ಗುರಬಾಯಿ ಕೊಡ ತಿರುಗಿ ಕೊಡಲು ಹೋಗಿದ್ದಳು, ನಾನು ಬಾಯಿ ಬಿಡಲಿಲ್ಲ. ಆರು ಫೋಟೋ ತೆಗೆದು ಬಸ್ಸು ಹತ್ತಿದೆವು.

ಬಂದ ಮೇಲೆ ಮತ್ತೆ ಚಡಪಡಿಕೆ. ಹಿಂದೆ ಸರಿದಿದ್ದೆನೋ ಇಲ್ಲವೋ? ಸರಿದಿದ್ದರೆ ಎರಡು ಹೆಜ್ಜೆ ಇರಬಹುದು. ಉಳಿದ ಆರರಲ್ಲಿ ಐದನ್ನು ಅಲ್ಲೇ ಹೋಗಿ ಸರಿಯಾಗಿ ತೆಗೆದರೆ ಕೈ ಪಳಗುತ್ತದೆ ಎಂದು ತಿಂಗಳ ಮೇಲೆ ಮತ್ತೆ ಹೋದೆವು. ಜಿನ್ನು ಹತ್ತು ನಿಮಿಷದ ದಾರಿಯಲ್ಲಿ ಹಾಗೇ ನಿಂತಿತ್ತು. ನಾನು ಮಾತ್ರ ಭೀಮೆಯ ಸೇತುವೆಯನ್ನು ನಾಲ್ಕು ಸಲ ದಾಟಿದೆ.

ಗಿರಣಿಯ ಮುಂದೆ ಚಪ್ಪಲಿಗಳ ರಾಶಿ ಕಂಡಿತು. ಚಪ್ಪಲಿ ನನ್ನ ಕಣ್ಣಿಗೆ ಬೇಗ ಬೀಳುತ್ತದೆ ಎಂದು ಹೇಳಿದೆನಲ್ಲ. ಬಾಗಿಲಿಗೆ ಕುಂಕುಮ, ಹಾರ, ಬೇವಿನ ಎಲೆ. ಹೊಸ್ತಿಲ ಮುಂದೆ ಒಡೆದ ತೆಂಗಿನಕಾಯಿ. ಒಬ್ಬ ಮುದುಕಿ ನನ್ನನ್ನು ಕಂಡು ಗದರಿಸಿದಳು: "ಏ ಅವ್ವಾ, ಚಪ್ಪಲಿ ಬಿಡು! ಇದೇನು ಸಂತಿ ಮಾಡೀಯೇನು?"

"ಏನದಬೇ ಇಲ್ಲಿ?" ಎಂದಳು ಗುರಬಾಯಿ.

"ಗೊತ್ತಿಲ್ಲೇನು? ಹೋದ ತಿಂಗಳ ಒಬ್ಬಾಕಿ ಬಿಳಿ ಸೀರಿ ಶರಣಿ ಬಂದಿದ್ಳು. ಮಾತಿಲ್ಲ ಕತಿಯಿಲ್ಲ. ಎಲ್ಲಿಂದ ಬಂದಿ ಅಂದ್ರ ಸುಮ್ಮ, ಯಾಕ ಬಂದಿ ಅಂದ್ರ ಸುಮ್ಮ. ಬಾಗಲಾ ತೊಳದು, ಈಬತ್ತಿ ಹಚ್ಚಿ, ಕೈಯಾಗೊಂದು ಡಬ್ಬಿ ಹಿಡಕೊಂಡು ಅದರಾಗ ನೋಡಿ ನೋಡಿ ಜಪಾ ಮಾಡಿ ಹೋದ್ಳಂತ. ಮೂರನೇ ದಿನಕ್ಕ ನಮ್ಮ ಕಳದ ಎಮ್ಮಿ ತಾನಾ ಮನಿಗಿ ಬಂತು!"

ಗುರಬಾಯಿ ಸೆರಗು ಬಾಯಿಗೆ ತುರುಕಿಕೊಂಡಳು. ನಾನು ಕ್ಯಾಮೆರಾವನ್ನು ಸೆರಗಿನೊಳಗೆ ಸೇರಿಸುವಷ್ಟರಲ್ಲಿ ಮುದುಕಿಯ ಕಣ್ಣಿಗೆ ಬಿತ್ತು. ಆದರೆ ಅವಳಿಗೆ ಗುರುತು ಹತ್ತಲಿಲ್ಲ. ಈ ಸಲ ನಾನು ನೀಲಿ ಸೀರೆ ಉಟ್ಟಿದ್ದೆ, ಜೊತೆಗೆ ಬೈಸಿಕೊಂಡ ಮೇಲೆ ಯಾರೂ ಶರಣಿಯ ಹಾಗೆ ಕಾಣುವುದಿಲ್ಲ. "ಫೋಟೋ ಡಬ್ಬಿ ಅದೇನು? ಛಲೋ ಆತು, ದೇವೀದು ಒಂದು ತಗಿ" ಎಂದಳು. ದೇವಿಯದು ಒಂದು, ಮುದುಕಿಯದು ಎಮ್ಮೆ ಸಮೇತ ಒಂದು, ಹರಕೆ ಹೊತ್ತವರದು ಮೂರು. ಗುರಬಾಯಿ ನನ್ನ ಬದಲು ಎಲ್ಲರ ಹೆಸರು ಬರೆದುಕೊಂಡು, ಹನ್ನೊಂದು ಫೋಟೋ ಆದಾಗ "ರೀಲು ಮುಗೀತ್ರೆಪಾ" ಎಂದು ಸುಳ್ಳು ಹೇಳಿ ನನ್ನನ್ನು ಎಳೆದುಕೊಂಡು ಬಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ, "ಶರಣವ್ವಾರ, ನಮ್ಮ ಮನಿ ಕ್ವಾಣಗರು ಹಿಂಡಾಕ ಬರೂ ಹಂಗ ಮಾಡ್ರಿ" ಎಂದು ಕಾಡಿದಳು. ನನಗೆ ನಗು ಬರಲಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಒಂದು ಊರಿಗೆ ಸುಮ್ಮಸುಮ್ಮನೆ ಒಂದು ದೇವರನ್ನು ದಯಪಾಲಿಸಿ ಬಂದಿದ್ದೆ. "ತಂಗೀ, ಅದು ಬರೇ ಕಸಾ ಹೊಡದದ್ದು" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ನನ್ನ ಬಾಯಿಂದ ಬರಲಿಲ್ಲ. ನೆನಪಿಡಿ, ನನ್ನ ಈ ರೋಗದ ಇನ್ನೊಂದು ಸಂಗತಿ ಮುಂದೆ ಬರುತ್ತದೆ.

ಮನೆ ಮುಟ್ಟಿದಾಗ ಮೈದುನ ಅಂಗಳದಲ್ಲೇ ಕೂತಿದ್ದರು. "ಎಲ್ಲಿ ತಿರಗಾಕ ಹೋಗಿದ್ರಿ ಇಬ್ಬರೂ? ಜಿನ್ನಿನ ಪತ್ರಾ ಎಲ್ಲಾ ಇಳಿಸಿದ್ರು ಇವತ್ತ. ನಾಳಿಗಿ ಬಾಗಲಾ ತಗೀತಾರ."

ಇಮಾಮಸಾಬರ ಹತ್ತಿರ ಬೇರೆ ರೀಲು ಇರಲಿಲ್ಲ, ಸೋಲಾಪುರದಿಂದ ಮುಂದಿನ ವಾರ ಬರಬೇಕು. ಕ್ಯಾಮೆರಾದಲ್ಲಿ ಉಳಿದದ್ದು ಒಂದು. ಮರುದಿನ ಹನ್ನೊಂದು ಗಂಟೆಗೆ, ಬುತ್ತಿ ಒಯ್ಯುವ ಹೊತ್ತಿಗೇ, ಗುರಬಾಯಿಯ ಜೊತೆ ಹೋದೆ. ಬೇರೆ ಹೊತ್ತಿಗೆ ಆ ದಾರಿಯಲ್ಲಿ ನನ್ನ ಕಾಲು ನಡೆದು ಗೊತ್ತಿಲ್ಲ. ಬಲಗದ ಆಗಲೇ ನೆಲಕ್ಕೆ ಬಿದ್ದಿತ್ತು. ದಿಡ್ಡಿ ಇರುವ ಎಡಗದ ಇನ್ನೂ ನಿಂತಿತ್ತು. ಬಡಿಗೇರ ಮಾನಪ್ಪ ತಲೆಗೆ ಟವೆಲ್ಲು ಸುತ್ತಿಕೊಂಡು ಕದದ ತಿರುಗಣಿಗೆ ಎಣ್ಣೆ ಬಿಡುತ್ತಿದ್ದ.

"ಸರೀರಿ ಅವ್ವಾರ, ಮ್ಯಾಲ ಬಿದ್ದೀತು!"

ಸರಿಯಲಿಲ್ಲ. "ಒಂದ ನಿಮಿಷ ತಡೀರಿ" ಎಂದೆ. ಪರಗಂಡಸಿನ ಜೊತೆ ರಸ್ತೆಯಲ್ಲಿ ನಾನಾಗಿ ಆಡಿದ ಮೊದಲ ಮಾತು. ಆಡಿದ ಮೇಲೆ ಇನ್ನೊಂದೂ ಬಂತು: "ನಮ್ಮ ಮನಿಯವರು ಇಲ್ಲಿ ನಿಲ್ತಿದ್ರು." ಮಾನಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು ಒಳಗೆ ಸರಿದ.

ಹೊಸ್ತಿಲು ಗುಡಿಸಿದೆ. ಆಮೇಲೆ ಕ್ಯಾಮೆರಾ ಹಿಡಿದು ಹಿಂದೆ ಸರಿಯತೊಡಗಿದೆ. ಒಂದು, ಎರಡು, ಮೂರು. ರಸ್ತೆ ಬಂತು. ಬಂಡಿಯವನೊಬ್ಬ ಎತ್ತು ಜಗ್ಗಿ ನಿಲ್ಲಿಸಿದ. ಆರು, ಏಳು. ಬೆನ್ನ ಹಿಂದೆ ಹೋಟೆಲಿನ ಕಪ್ಪು ಬಸಿಗಳ ಸದ್ದು. ಯಾರೋ "ಕಾಕು, ನಮ್ಮದೂ ಒಂದು ತಗೀರಿ!" ಎಂದರು, "ನಿನ್ನ ಮಾರಿ ತಗದ್ರ ಡಬ್ಬಿ ಒಡೀತದಲೇ" ಎಂದು ಗುರಬಾಯಿ ಅವರ ಬಾಯಿ ಮುಚ್ಚಿಸಿದಳು. ಹತ್ತನೆಯ ಹೆಜ್ಜೆಗೆ ಕಾಲು ಬೆಂಚಿಗೆ ತಗಲಿತು. ನಾಲ್ಕು ಮಂದಿ ಗಂಡಸರ ನಡುವೆ ನಿಂತಿದ್ದೆ. ತಲೆ ಬಗ್ಗಿಸಿ ಗಾಜಿನೊಳಗೆ ನೋಡಿದೆ.

ಅಷ್ಟು ವರ್ಷ ಬುತ್ತಿ ಒಯ್ದ ಬಾಗಿಲನ್ನು ನಾನು ಆವತ್ತೇ ಪೂರಾ ನೋಡಿದ್ದು. ಕದ ಎಷ್ಟು ಎತ್ತರ! ಅದರೊಳಗೆ ದಿಡ್ಡಿ ಎಷ್ಟು ಗಿಡ್ಡ! ನನ್ನ ಎದೆಯ ಮಟ್ಟಕ್ಕೂ ಬಾರದು. ಆಗ ಹೊಳೆಯಿತು. ಇವರು ದಿನಾ ತಲೆ ಬಗ್ಗಿಸುತ್ತಿದ್ದದ್ದು ನನಗೆ ನಾಚಿ ಅಲ್ಲ. ಆ ದಿಡ್ಡಿಯಿಂದ ತಲೆ ಎತ್ತಿ ಬರಲಿಕ್ಕೆ ಯಾವ ಮನುಷ್ಯನಿಗೂ ಸಾಧ್ಯವಿರಲಿಲ್ಲ. ಫಿಟ್ಟರೂ ಬಗ್ಗಿಸಿದ್ದರು, ಮ್ಯಾನೇಜರ್ ಸಾಹೇಬರೂ ಬಗ್ಗಿಸಿರಬೇಕು. ನಾನೊಬ್ಬಳೇ ಅದನ್ನು ನನಗೇ ಮೀಸಲು ಎಂದು ತಿಳಿದು ಒಂದು ಸಂಸಾರ ಮಾಡಿ ಮುಗಿಸಿದ್ದೆ. ಅಳು ಬರಬೇಕಾಗಿತ್ತು, ನಗು ಬಂತು. ನಗುತ್ತಲೇ ಗುಂಡಿ ಒತ್ತಿದೆ.

ಅದೇ ಗಳಿಗೆಗೆ ಮಾನಪ್ಪ ದಿಡ್ಡಿಯಿಂದ ತಲೆ ಹೊರಗೆ ಹಾಕಿ, "ಆಯ್ತೇನ್ರಿ ಅವ್ವಾರ?" ಎಂದ.

ಇದ್ದ ಒಂದೂ ಕೆಟ್ಟಿತು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನನ್ನು ಬೈದೆ. ಆದರೆ ವಾರದ ಮೇಲೆ ಇಮಾಮಸಾಬರು ಫೋಟೋ ಕೈಗಿಟ್ಟಾಗ ಬೈಗುಳ ಮರೆತುಹೋಯಿತು. ದಿಡ್ಡಿ ಇರುವ ಕದ ಪೂರಾ ಬಂದಿತ್ತು, ತುದಿಯಿಂದ ಬುಡದವರೆಗೆ. ದಿಡ್ಡಿಯಲ್ಲಿ ಟವೆಲ್ಲು ಸುತ್ತಿದ ತಲೆ ಬಗ್ಗಿಸಿ ಹೊರಗೆ ಬರುತ್ತಿರುವ ಮನುಷ್ಯ. ಮುಖ ಕಾಣುವುದಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಕೈ ಬುತ್ತಿ ಚಾಚಲು ಮುಂದಾಯಿತು.

ಆ ವಾರವೇ ನಿಮ್ಮ ಅಪ್ಪ ಯಡ್ರಾಮಿಯಿಂದ ಬಂದ. ದೇವರ ಮಾಡದಲ್ಲಿ ಇಟ್ಟಿದ್ದ ಫೋಟೋ ನೋಡಿದ. "ಯವ್ವಾ! ಅಪ್ಪಂದು ಫೋಟೋ ಇತ್ತಾ?" ಎಂದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಲ್ಲೇ ಕುಸಿದು ಕೂತು, ಮಣ್ಣಿನ ದಿನ ಅಳದಿದ್ದವನು, ಸಣ್ಣ ಕೂಸಿನ ಹಾಗೆ ಅತ್ತ. ನಾನು ತೆರೆದ ಬಾಯಿ ಮುಚ್ಚಿದೆ. ಮರುವಾರ ಅದಕ್ಕೆ ಕಟ್ಟು ಹಾಕಿಸಿ, ನಡುಮನೆಯ ಗೋಡೆಗೆ ಮೊಳೆ ಹೊಡೆದ.

ಹತ್ತು ಹನ್ನೆರಡು ವರ್ಷವಾಯಿತು. ವರ್ಷಾ ವರ್ಷ ನೀವು ಹಾರ ಹಾಕಿ, ಊದಿನಕಡ್ಡಿ ಹಚ್ಚಿ, ಪರೀಕ್ಷೆಗೆ ಹೋಗುವಾಗ ಕೈ ಮುಗಿದು ಹೋಗುವುದು ಬಡಿಗೇರ ಮಾನಪ್ಪನಿಗೆ. ಅವನು ಗಟ್ಟಿಮುಟ್ಟಾಗಿದ್ದಾನೆ. ಇಷ್ಟು ಹಾರ ಹಾಕಿಸಿಕೊಂಡರೂ ಒಂದು ನೆಗಡಿ ಬಂದಿಲ್ಲವಂತೆ. ಹೋದ ಶ್ರಾವಣದಲ್ಲಿ ನಡುಮನೆಯ ಕಿಟಕಿ ಸಿಕ್ಕಿಕೊಂಡಿತೆಂದು ನಿಮ್ಮ ಅಪ್ಪ ಅವನನ್ನೇ ಕರೆದುಕೊಂಡು ಬಂದ. ಮಾನಪ್ಪ ಗೋಡೆ ನೋಡಿ, ಟವೆಲ್ಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು, ಫೋಟೋಕ್ಕೆ ಎರಡೂ ಕೈ ಮುಗಿದ. "ಈ ಬಾಗಲಾ ನನಗ ಗೊತ್ತದ್ರಿ, ನಾನಾ ಇಳಿಸಿದ್ದು. ಈ ಹಿರ್ಯಾರು ಮಾತ್ರ ಗುರ್ತು ಹತ್ತವಲ್ರು. ಎಲ್ಲೋ ನೋಡಿದಂಗ ಅನಸ್ತದ" ಎಂದ. "ಚಾ ಆರಾಕತ್ತದ, ಕುಡೀರಿ" ಎಂದೆ ನಾನು.

ನಾನು ದಿನಾ ಆ ಫೋಟೋಕ್ಕೆ ಕೈ ಮುಗಿಯುವುದನ್ನು ನೀವು ನೋಡಿದ್ದೀರಿ. ನನ್ನ ಕಣ್ಣು ಎಲ್ಲಿರುತ್ತದೆ ಎಂದು ನೋಡಿಲ್ಲ. ಕೆಳಗೆ, ದಿಡ್ಡಿಯ ಹೊಸ್ತಿಲಲ್ಲಿ, ಬುತ್ತಿ ಇಡುತ್ತಿದ್ದ ಜಾಗದಲ್ಲಿ. ಅಷ್ಟು ಮಾತ್ರ ಖರೇ ಅವರದು. ತಲೆ ಎತ್ತಿ ಮೇಲೆ ನೋಡಿದವರು ನೀವು, ತಪ್ಪು ನಿಮ್ಮದೇ.

ಈ ಕಾಗದ ಓದಿದ ಮೇಲೆ ನನ್ನ ಹತ್ತಿರ ಬಂದು ಏನೂ ಕೇಳಬೇಡಿ. ನಿಮ್ಮ ಅಪ್ಪನಿಗೂ ನೀವು ಹೇಳಬೇಡಿ. ಅದನ್ನು ನಾನೇ ಹೇಳಬೇಕು, ಅದು ನನ್ನ ಕೆಲಸ. ಇವತ್ತೇ ಹೇಳಬೇಕೆಂದು ಎದ್ದು ನಡುಮನೆಯವರೆಗೆ ಹೋಗಿದ್ದೆ ಕೂಡ. ಬೀಗರು ಬಂದು ಕೂತಿದ್ದಾರೆ. ಮಂದಿ ಇದ್ದಾರೆ. ನಾಳೆ ಹೇಳಿದರಾಯಿತು.